ಹೆಸರು ಕೊನೆಗೆ: ಕೊರ್ಲಹಳ್ಳಿಯಲ್ಲಿ ಸೂರಕ್ಕಿಯ ಪಾಠ

ನಮ್ಮ ಗದಗ ಜಿಲ್ಲೆಯಲ್ಲಿ ಪಕ್ಷಿ ವೀಕ್ಷಣೆ ಎಂದರೆ ಮಾಗಡಿ ಕೆರೆ ಮತ್ತು ಚಳಿಗಾಲಕ್ಕೆ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತು ನೆನಪಾಗುತ್ತವೆ. ತುಂಗಭದ್ರೆಯ ದಡದ ಕೊರ್ಲಹಳ್ಳಿಯಲ್ಲಿ ಅಭ್ಯಾಸ ಬೋಧನೆಗೆ ಹೋದಾಗ, 7ನೇ ತರಗತಿಗೆ ನಾನು ಆರಿಸಿಕೊಂಡದ್ದು ಅಂಗಳದ ದಾಸವಾಳಕ್ಕೆ ಬರುವ ನೇರಳೆ ಸೂರಕ್ಕಿಯನ್ನು. ಇದಕ್ಕೆ ಬಸ್ಸೂ ಬೇಡ, ದುರ್ಬೀನೂ ಬೇಡ.

ಹಕ್ಕಿಯ ಉದ್ದ ಸುಮಾರು 10 ಸೆಂ.ಮೀ. ಕೊಕ್ಕು ತೆಳ್ಳಗೆ, ಉದ್ದಕ್ಕೆ, ಕೆಳಕ್ಕೆ ಬಾಗಿರುತ್ತದೆ. ಮರಿ ಮಾಡುವ ಕಾಲದಲ್ಲಿ ಗಂಡು ದೂರಕ್ಕೆ ಕಪ್ಪು. ಬಿಸಿಲು ಬಿದ್ದರೆ ನೀಲಿ, ನೇರಳೆ ಹೊಳಪು. ಈ ಹೊಳಪು ಬರುವುದು ಗರಿಯ ಸೂಕ್ಷ್ಮ ರಚನೆಯಿಂದ. ಬೆಳಕಿನ ಪಾಠಕ್ಕೂ ಇದು ಒಳ್ಳೆಯ ಉದಾಹರಣೆ. ಹೆಣ್ಣಿನ ಬೆನ್ನು ಮಾಸಲು ಕಂದು, ಹೊಟ್ಟೆ ತಿಳಿಹಳದಿ.

ಮಕ್ಕಳು ಇಬ್ಬಿಬ್ಬರಾಗಿ ಮೂರು ದಿನ ನೋಡಿ ಕೊಕ್ಕು, ಬಣ್ಣ, ನಡವಳಿಕೆ ಎಂಬ ಮೂರು ಕಲಂ ತುಂಬಬೇಕಿತ್ತು. ಹೆಸರಿನ ಕಲಂ ಖಾಲಿ. ನಾಲ್ಕನೆಯ ದಿನ ಗಂಡಿನ ಚಿತ್ರವಿದ್ದ ಚಾರ್ಟ್ ತೂಗುಹಾಕಿದೆ. ಒಬ್ಬ ಹುಡುಗಿ ಎದ್ದು ನಿಂತಳು: “ಟೀಚರ್, ಚಾರ್ಟಿನ್ಯಾಗಿಂದು ಕರಿ ಐತ್ರಿ. ನಾ ನೋಡಿದ್ದು ಹಳದಿ, ಎದಿ ಮ್ಯಾಲೆ ಒಂದ ಕರಿ ಗೆರಿ ಇತ್ತು.” “ತಪ್ಪ ನೋಡ್ಯಾಳ್ರಿ” ಎಂದರು ಉಳಿದವರು. ಆಕೆ ಕೂತು, ರಬ್ಬರು ತೆಗೆದು ತಾನು ಬರೆದದ್ದನ್ನು ಅಳಿಸತೊಡಗಿದಳು.

ಅಳಿಸಬೇಡ ಎಂದು ಹೇಳಿ, ಆ ಸಾಲನ್ನೇ ಕರಿಹಲಗೆಯ ಮೇಲೆ ಬರೆಸಿದೆ. ಕೊಕ್ಕು ಹೋಲಿಸಿದರು: ಒಂದೇ. ಹೂವಿನ ಬುಡ ಚುಚ್ಚಿ ಮಕರಂದ ಕುಡಿಯುವ ರೀತಿಯೂ ಒಂದೇ. ಆಮೇಲೆ ಹೇಳಿದೆ: ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಹೊಳೆಯುವ ಗರಿ ಉದುರಿಸಿ ಹೆಣ್ಣಿನಂತಾಗುತ್ತದೆ, ಗಂಟಲಿನಿಂದ ಎದೆಯವರೆಗೆ ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಆಕೆ ಕಂಡದ್ದು ಚಾರ್ಟಿನಲ್ಲಿ ಇಲ್ಲದ ಸಂಗತಿ.

ಒಬ್ಬ ಹುಡುಗ ಮೊಬೈಲಿನಲ್ಲಿ ನೋಡಿದ ‘ಹಮ್ಮಿಂಗ್‌ಬರ್ಡ್’ ಇದೇ ಎಂದ. ಅದು ಅಮೆರಿಕ ಖಂಡಗಳಲ್ಲಿ ಮಾತ್ರ ಇರುವ ಬೇರೆ ಕುಟುಂಬದ ಹಕ್ಕಿ. ಕೆಲಸ ಒಂದೇ ಆದ್ದರಿಂದ ಕೊಕ್ಕಿನಲ್ಲಿ ಹೋಲಿಕೆ ಬಂದಿದೆ ಎಂದಾಗ ಹೊಂದಾಣಿಕೆಯ ಪರಿಕಲ್ಪನೆ ತಾನಾಗಿ ಬಂತು.

ಘಟಕ ಪರೀಕ್ಷೆಯಲ್ಲಿ “ಸೂರಕ್ಕಿಯ ಬಣ್ಣ ಯಾವುದು?” ಎಂದು ಕೇಳಲಿಲ್ಲ. “ನೀವು ನೋಡಿದ ಹಕ್ಕಿ ಸೂರಕ್ಕಿಯೇ ಎನ್ನಲು ಎರಡು ಕಾರಣ ಬರೆಯಿರಿ” ಎಂದು ಕೇಳಿದೆ. ಪಾಠ ಯೋಜನೆಯಲ್ಲಿ ‘ಗುರುತಿಸುವರು’ ಎಂದು ನಾವೆಲ್ಲ ಬರೆಯುತ್ತೇವೆ. ಚಾರ್ಟು ನೋಡಿ ಹೆಸರು ಹೇಳುವುದನ್ನೇ ಗುರುತಿಸುವುದು ಎಂದುಕೊಂಡರೆ, ಕಣ್ಣಾರೆ ಕಂಡದ್ದನ್ನು ಮಕ್ಕಳು ಅಳಿಸುತ್ತಲೇ ಇರುತ್ತಾರೆ. ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲು ಲಕ್ಷಣ, ಆಮೇಲೆ ಹೋಲಿಕೆ, ಕೊನೆಗೆ ಹೆಸರು.