ಗುಮ್ಮಟದಡಿ ಪಾಠ ನಡೆಯದು

ಪ್ರಿಯ ಗೆಳೆಯರೇ,

ಊರಿನ ಹಳೆ ಚಾವಡಿ ಜಾಗದಲ್ಲಿ ಮಕ್ಕಳ ಓದಿಗೂ ಹಿರಿಯರ ಧ್ಯಾನಕ್ಕೂ ಒದಗುವ ಕಟ್ಟಡ ಎಬ್ಬಿಸುತ್ತೀರಿ ಎಂದು ಓದಿ ಖುಷಿಯಾಯಿತು. ನಕ್ಷೆಯೂ ಕೈಸೇರಿತು. ಕಾಂಕ್ರೀಟಿನ ಗುಮ್ಮಟ, ಸುತ್ತ ಗಾಜು, ನೆಲಕ್ಕೆ ನುಣುಪು ಗ್ರಾನೈಟು. ನೋಡಲು ಚಂದವೇ. ಆದರೂ ಪಾಯ ತೋಡುವ ಮೊದಲು ಎಂಜಿನಿಯರನ್ನೂ ಕರೆದುಕೊಂಡು ನಮ್ಮ ಮೂರು ತಾಲೂಕು ಒಮ್ಮೆ ಸುತ್ತಿ ಬನ್ನಿ.

ಮೊದಲು ಹುಕ್ಕೇರಿ. ಅಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಗುಮ್ಮಟದ ನಡುವೆ ನಿಂತು ಯಾವ ಪುಸ್ತಕದಿಂದಾದರೂ ನಾಲ್ಕು ಸಾಲು ಗಟ್ಟಿಯಾಗಿ ಓದಿಸಿ. ಹಿಂದಿನ ಅಕ್ಷರ ಆರುವ ಮೊದಲೇ ಮುಂದಿನದು ಅದರ ಮೇಲೆ ಬೀಳುತ್ತದೆ. ಕಿವಿಗೆ ದನಿ ಸಿಗುತ್ತದೆ, ಮಾತು ಸಿಗುವುದಿಲ್ಲ. ಬಾಗಿದ ಕಲ್ಲಿನ ಗುಣವೇ ಅದು. ವಿಜಯಪುರದ ಗೋಳಗುಮ್ಮಟದಲ್ಲಿ, ಸುಮಾರು 44 ಮೀಟರ್ ವ್ಯಾಸದ ಗುಮ್ಮಟದಡಿ, ಪಿಸುಮಾತು ಆಚೆ ಗೋಡೆಗೆ ಮುಟ್ಟುವುದನ್ನು ಕಂಡು ನಾವೆಲ್ಲ ಬೆರಗಾದವರೇ. ಆದರೆ ಪಾಠದ ಕೋಣೆಯಲ್ಲಿ ದನಿ ಮುಕ್ಕಾಲು ಸೆಕೆಂಡಿನೊಳಗೆ ಆರಬೇಕು, ಇಲ್ಲವಾದರೆ ಹಿಂದಿನ ಸಾಲಿನ ಹುಡುಗನಿಗೆ ಲೆಕ್ಕ ತಲೆಗೆ ಹತ್ತದು. ಗುಮ್ಮಟ ಸಮಾಧಿಯ ಮೇಲೆ ಕಟ್ಟಿದ್ದು. ಅಲ್ಲಿ ಯಾರೂ ಯಾರಿಗೂ ಏನೂ ಕಲಿಸಬೇಕಿರಲಿಲ್ಲ! ಬಾಯಿ ಮುಚ್ಚಿ ಕೂರುವವನಿಗೆ ಮಾತ್ರ ಅದು ಒಪ್ಪುವ ಜಾಗ.

ಅಲ್ಲಿಂದ ಗೋಕಾಕ ಫಾಲ್ಸ್‌ಗೆ ಹೋಗಿ. ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ಕಡೆ, ಮರಳುಗಲ್ಲಿನ ಬಂಡೆಯ ಅಂಚಿನಲ್ಲಿ, ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ ಇದೆ. ಶ್ರಾವಣದಲ್ಲಿ ಕೆಂಪು ನೀರಿನ ಸದ್ದು ಎದೆಗೆ ಬಡಿಯುತ್ತದೆ. ಇಂಥ ಗದ್ದಲದಲ್ಲಿ ಧ್ಯಾನವೇ ಎಂದು ಎಂಜಿನಿಯರು ಕೇಳಿಯಾರು. ಕೇಳಲಿ. ಮನಸ್ಸು ಕದಡುವುದು ಬಿಟ್ಟು ಬಿಟ್ಟು ಬರುವ ಸದ್ದಿಗೆ, ಮೋಟರ್‌ಸೈಕಲ್ ಹಾರ್ನಿಗೆ, ಪಕ್ಕದವರ ಫೋನಿಗೆ. ಒಂದೇ ಸಮ ಸುರಿಯುವ ಸದ್ದಾದರೆ ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ.

ಚಾಲುಕ್ಯ ಶೈಲಿಯ ಗುಡಿಗಳಲ್ಲಿ ಬೆಳಕೂ ಹಾಗೆಯೇ ಮನಸ್ಸನ್ನು ಅಣಿಗೊಳಿಸುತ್ತದೆ, ಅದು ಒಳಗೆ ಹೋದಂತೆಲ್ಲ ಇಳಿಯುತ್ತದೆ: ತೆರೆದ ಮಂಟಪದಲ್ಲಿ ಬಿಸಿಲು, ನವರಂಗದಲ್ಲಿ ಮಬ್ಬು, ಗರ್ಭಗುಡಿಯಲ್ಲಿ ದೀಪವೊಂದೇ. ಹೊಸ್ತಿಲಿಗೊಮ್ಮೆ ತಲೆ ಬಗ್ಗಿಸಬೇಕು, ಕಣ್ಣು ಕತ್ತಲಿಗೆ ಹೊಂದುವವರೆಗೆ ಕಾಲು ತಾನಾಗಿ ನಿಧಾನಿಸುತ್ತದೆ. ಮಂಟಪದ ಅಂಚಿನ ಕಕ್ಷಾಸನದ ಮೇಲೆ ಕೂತು ನೋಡಿ. ಒರಗುಗಲ್ಲು ಹೊರಕ್ಕೆ ವಾಲಿರುತ್ತದೆ, ಬೆನ್ನು ಹಗುರಾಗುತ್ತದೆ. ನಿಮ್ಮ ಗಾಜಿನ ಗೋಡೆ ಮಾತ್ರ ಬೀದಿಯನ್ನೆಲ್ಲ ಒಳಗೆ ಕರೆತರುತ್ತದೆ, ಏಪ್ರಿಲ್‌ನಲ್ಲಿ ಬಿಸಿಲನ್ನೂ.

ಕೊನೆಗೆ ಮೂಡಲಗಿ. ಶಿವಬೋಧರಂಗ ಮಠಕ್ಕೆ ಹೋಗಿ, ದಾರಿಯಲ್ಲಿ ಅರಭಾವಿಯ ದುರದುಂಡೇಶ್ವರ ಮಠವನ್ನೂ ನೋಡಿ. ನಮ್ಮ ಸೀಮೆಯ ಹಳೆ ಮಠ ಕಟ್ಟಿದವರು ಓದು ಮತ್ತು ಧ್ಯಾನವನ್ನು ಒಂದೇ ಸೂರಿನಡಿ ತಂದರೂ ಒಂದೇ ಕೋಣೆಗೆ ತುರುಕಲಿಲ್ಲ. ಗದ್ದುಗೆ ಒಳಗೆ, ಕಲ್ಲಿನ ನಡುವೆ, ಮಂದ ಬೆಳಕಿನಲ್ಲಿ. ಪಾಠ, ಪುರಾಣ, ಪಂಚಾಯ್ತಿ ಎಲ್ಲ ಹೊರಗಿನ ಪಡಸಾಲಿಯಲ್ಲಿ: ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ, ಒಂದು ಮಗ್ಗುಲು ಅಂಗಳಕ್ಕೆ ಬಯಲು. ಮಣ್ಣು, ಮರ, ಜಮಖಾನೆ ಮೇಲೆ ಕೂತ ಮಂದಿ ದನಿಯನ್ನು ಹೀರುತ್ತಾರೆ, ಉಳಿದದ್ದು ಅಂಗಳಕ್ಕೆ ಹೋಗುತ್ತದೆ. ಮೈಕಿಲ್ಲದೆ ಅಯ್ಯನೋರ ಮಾತು ಬಾಗಿಲತನಕ ಕೇಳುತ್ತದೆ. ದಾಸೋಹದ ಮನೆ ಇನ್ನೊಂದು ಕಡೆ, ಪಾತ್ರೆ ಸದ್ದು ಅಲ್ಲೇ ಉಳಿಯಲೆಂದು. ನನಗೆ ಇದಕ್ಕಿಂತ ಜಾಣ ನಕ್ಷೆ ಗೊತ್ತಿಲ್ಲ.

ಮಠದ ಮಾತೆಂದರೆ ಹಳಬರ ಮಾತು ಎಂದು ಎಂಜಿನಿಯರು ಮೂಗು ಮುರಿದರೆ, ಹುಕ್ಕೇರಿ ತಾಲೂಕಿನ ನಿಡಸೋಸಿ ಮಠದ ಟ್ರಸ್ಟ್ 1996ರಿಂದ ಎಂಜಿನಿಯರಿಂಗ್ ಕಾಲೇಜನ್ನೇ ನಡೆಸುತ್ತಿದೆ ಎಂದು ತಿಳಿಸಿ.

ಹಾಗಾಗಿ ಗುಮ್ಮಟ ಬೇಕೇ ಬೇಕೆಂದರೆ ಧ್ಯಾನದ ಕೋಣೆಗಷ್ಟೇ ಇರಲಿ, ಅದೂ ಚಿಕ್ಕದು. ಓದಿಗೆ ಮುಂದುಗಡೆ ಹಂಚಿನ ಪಡಸಾಲಿ ಹಾಕಿ, ಹಂಚಿನ ಕೆಳಗೆ ಮರದ ಹಲಗೆ ಹೊಡೆಸಿ. ಕನ್ನಡ ಸಾಲಿಗಳ ಹಳೆ ಕಟ್ಟಡದಲ್ಲಿ ನಾವು ಮಗ್ಗಿ ಕಲಿತದ್ದು ಅಂಥದರಡಿಯೇ. ನೆಲಕ್ಕೆ ಶಹಾಬಾದ ಕಲ್ಲು ಸಾಕು. ಪಡಸಾಲಿಗೂ ಧ್ಯಾನದ ಕೋಣೆಗೂ ನಡುವೆ ಸಣ್ಣ ಅಂಗಳ ಬಿಡಿ. ಮುಂಗಾರಿನ ಇರಚಲು ಪಡುವಣದಿಂದ ಬರುತ್ತದೆ, ಪುಸ್ತಕದ ಕಪಾಟು ಆ ಗೋಡೆಗೆ ಬೇಡ. ತಿದ್ದಿದ ನಕ್ಷೆ ಕಳಿಸಿ, ಗೋಕಾಕದಿಂದ ಕರದಂಟು ತರುವುದಾದರೆ ನನ್ನ ಪಾಲನ್ನೂ ಕಳಿಸಿ.

ನಿಮ್ಮವ