ಹೊಳೆದಂಡೆಯ ಬಿಗಲ್

ಬ್ಯೂಗಲ್‌ಗೆ ಗುಂಡಿಗಳಿಲ್ಲ, ತೂತುಗಳಿಲ್ಲ; ಪಲ್ಟನ್ನಿನವರ ಬಾಯಲ್ಲಿ ಅದು ಬಿಗಲ್. ಬೆರಳಿಗೆ ಅಲ್ಲಿ ಕೆಲಸವೇ ಇಲ್ಲ. ತಾಮ್ರ ಹಿತ್ತಾಳೆಯ ಒಂದು ಸುರುಳಿ ಕೊಳವೆ, ಅದರ ತುದಿಗೆ ಒಬ್ಬ ಮನುಷ್ಯನ ತುಟಿ, ಹಿಂದೆ ಅವನ ಉಸಿರು. ತುಟಿಯನ್ನು ಬಿಗಿ ಮಾಡಿ, ಸಡಿಲ ಮಾಡಿ ಅದರಿಂದ ಐದಾರು ಸ್ವರ ಹೊರಡಿಸಬೇಕು. ನಮ್ಮ ಸಂಗೀತದ ಲೆಕ್ಕದಲ್ಲಿ ಹೇಳಿದರೆ ಮಂದ್ರದ ಸ, ಪ, ಆಮೇಲೆ ಮೇಲಿನ ಸ, ಗ, ಪ. ಸಾಮಾನ್ಯ ಕರೆಗಳಿಗೆ ಇಷ್ಟೇ ಬಂಡವಾಳ. ರಿ ಇಲ್ಲ, ಮ ಇಲ್ಲ, ಧ ಇಲ್ಲ. ಇಷ್ಟರಲ್ಲೇ ಒಂದು ಪಲ್ಟನ್ ನಿದ್ದೆಯಿಂದ ಏಳುತ್ತಿತ್ತು, ಸಾಲುಗಟ್ಟುತ್ತಿತ್ತು, ಉಣ್ಣುತ್ತಿತ್ತು, ಬೆಂಕಿ ಬಿದ್ದರೆ ಓಡುತ್ತಿತ್ತು, ದೀಪ ಆರಿಸುತ್ತಿತ್ತು, ತನ್ನವರನ್ನು ಮಣ್ಣಿಗಿಡುತ್ತಿತ್ತು.

ಇದನ್ನು ನಾನು ಯಾವ ಕಂಟೋನ್ಮೆಂಟಿನಲ್ಲೂ ಕಲಿತದ್ದಲ್ಲ, ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತ ಕೇಳಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹಬ್ಬಿಕೊಂಡ ಮೇಲೆ, ಕರೂರು ಬಾರಂಗಿ ಸೀಮೆಯವರಿಗೆ ಸಾಗರದ ಪೇಟೆ ಸೇರುವ ಹತ್ತಿರದ ದಾರಿ ಎಂದರೆ ಲಾಂಚ್ ಆಗಿತ್ತು. ಈ ದಡ ಅಂಬಾರಗೋಡ್ಲು, ಆ ದಡ ಕಳಸವಳ್ಳಿ. ಒಂದು ಲಾಂಚ್ ತಪ್ಪಿದರೆ ಇನ್ನೊಂದಕ್ಕೆ ಕಾಯಬೇಕಿತ್ತು. ಸಂಜೆಯ ಕೊನೆಯದು ತಪ್ಪಿತೋ, ರಾತ್ರಿ ಈಚೆಯೇ. ಕಾಯುವ ಹೊತ್ತಿಗೆ ಮಾತು ಬಿಟ್ಟರೆ ಬೇರೇನಿದೆ? ಪಿಂಚಣಿಯ ಕೆಲಸಕ್ಕೆಂದೋ, ಔಷಧಕ್ಕೆಂದೋ, ಕ್ಯಾಂಟೀನಿನ ಸಾಮಾನಿಗೆಂದೋ ಹೋಗಿಬರುವ ಮಾಜಿ ಸೈನಿಕರು ಅಲ್ಲಿ ಸಿಗುತ್ತಿದ್ದರು. ಊರಿನವರ ಬಾಯಲ್ಲಿ ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಉಳಿದಿರಲಿಲ್ಲ. ಮಿಲ್ಟ್ರಿ ಮಾವ, ಮಿಲ್ಟ್ರಿ ಭಾವ, ಮಿಲ್ಟ್ರಿ ನಾಯ್ಕರು, ಅಷ್ಟೇ.

ಹುಡುಗ ವಯಸ್ಸಿನ ನನಗೆ ಬೇಕಿದ್ದದ್ದು ಯುದ್ಧದ ಕಥೆ. ‘ನೀವು ಪಾಕಿಸ್ತಾನದವರನ್ನ ಕಂಡಿದ್ರಾ ಮಾವ?’ ಎಂದು ಕೇಳಿದರೆ ಅವರು ಸ್ವಲ್ಪ ಹೊತ್ತು ನೀರು ನೋಡಿ, ಮಾತು ಬ್ಯಾಂಡಿನ ಕಡೆ ತಿರುಗಿಸುತ್ತಿದ್ದರು. ಆಗ ನನಗೆ ಅದು ನಿರಾಸೆ. ಈಗ ಅನ್ನಿಸುತ್ತದೆ, ಅವರು ಹೇಳಲು ಸಾಧ್ಯವಿದ್ದದ್ದು ಅದನ್ನೇ. ಗುಂಡಿನ ಸದ್ದನ್ನು ಮನೆಯವರ ಮುಂದೆ, ಮಕ್ಕಳ ಮುಂದೆ ಬಿಚ್ಚಿಡಲಾಗುವುದಿಲ್ಲ. ಬಿಗಲ್‌ ಸದ್ದನ್ನು ಬಾಯಲ್ಲೇ ಊದಿ ತೋರಿಸಬಹುದು.

ಮಾವ ಇದ್ದದ್ದು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ. 1780ರಲ್ಲಿ ಹುಟ್ಟಿದ ಹಳೆಯ ದಳ ಅದು. ಮದ್ರಾಸ್ ಸ್ಯಾಪರ್ಸ್ ಎಂದರೂ ಅದೇ, ಸೇನೆಯ ಒಳಗೆ ಅವರನ್ನು ಕರೆಯುವುದು ‘ಥಂಬಿ’ಗಳೆಂದು. ಕನ್ನಡ, ತಮಿಳು, ತೆಲುಗು, ಮಲಯಾಳದ ಹುಡುಗರೆಲ್ಲ ಒಂದೇ ಬ್ಯಾರಕ್ಕಿನಲ್ಲಿ. ಅಡಿಕೆ ತೋಟ, ಗದ್ದೆ, ಹೊಳೆ ಬಿಟ್ಟರೆ ಬೇರೇನೂ ಕಾಣದೆ ಹೋದ ಹುಡುಗನಿಗೆ ಅಲ್ಲಿ ಮೊದಲು ಅರ್ಥವಾದದ್ದು ಹಿಂದಿಯೂ ಅಲ್ಲ, ಇಂಗ್ಲಿಷೂ ಅಲ್ಲ, ಬಿಗಲ್. ‘ಉಸ್ತಾದ್ ಕೂಗಿದ್ದು ಒಂದೂ ಗೊತ್ತಾಗ್ತಿರಲಿಲ್ಲ ಅಪ್ಪಿ. ಬಿಗಲ್ ಊದಿದ್ರೆ ಮಾತ್ರ ಕಾಲು ತಂತಾನೇ ಹೋಗ್ತಿತ್ತು’ ಎನ್ನುತ್ತಿದ್ದರು.

ಪ್ರತಿ ಕರೆಗೂ ಹುಡುಗರು ತಮ್ಮ ತಮ್ಮ ಭಾಷೆಯಲ್ಲಿ ಮಾತು ಕಟ್ಟಿಕೊಂಡಿದ್ದರಂತೆ. ಊಟದ ಕರೆಗೆ ತಮಿಳಿನವರದ್ದೊಂದು, ತೆಲುಗಿನವರದ್ದೊಂದು. ನಮ್ಮ ಮಾವನದ್ದು, ‘ಅನ್ನ ಬಂತೋ, ಸಾರು ಬಂತೋ, ತಟ್ಟೆ ಹಿಡಿಯೋ ತಮ್ಮಾ.’ ಎರಡು ಸಲ ಹಾಡಿ, ಮೂರನೇ ಸಲಕ್ಕೆ ಕೆನ್ನೆ ಉಬ್ಬಿಸಿ ಬರೀ ಧ್ವನಿ ತೆಗೆಯುತ್ತಿದ್ದರು. ಲಾಂಚಿಗೆ ಕಾದು ನಿಂತ ಹೆಂಗಸರು ನಗುತ್ತಿದ್ದರು. ಬೆಳಗ್ಗೆ ಎಬ್ಬಿಸುವ ರೆವೆಲಿ ಕರೆಗೆ ಮಾತ್ರ ಅವರು ಮಾತು ಕಟ್ಟಿರಲಿಲ್ಲ. ಅದನ್ನು ಹಾಡುವಾಗ ಬೆನ್ನು ನೆಟ್ಟಗಾಗುತ್ತಿತ್ತು.

ಮಾವ ಮುಂದೆ ತಾವೇ ಬಿಗಲ್ ಊದುವವರಾದರು. ಊದುವವನ ಪಾಡು ಕೇಳಿದವರು ಕಡಿಮೆ. ಎಲ್ಲರನ್ನೂ ಎಬ್ಬಿಸಬೇಕಾದವನು ಎಲ್ಲರಿಗಿಂತ ಮೊದಲು ಏಳಬೇಕು. ಕ್ವಾರ್ಟರ್ ಗಾರ್ಡಿನ, ಅಂದರೆ ಕಾವಲು ಕೋಣೆಯ, ಮುಂದೆ ಕತ್ತಲಲ್ಲಿ ಒಬ್ಬನೇ ನಿಲ್ಲಬೇಕು. ಗಡಿಯ ಚಳಿಯಲ್ಲಿ ಹಿತ್ತಾಳೆಯ ಬಾಯಿ ತುಟಿಗೆ ಕಚ್ಚಿಕೊಂಡರೆ ಚರ್ಮ ಕಿತ್ತು ಬರುತ್ತದೆಂದು, ಆ ತುಂಡನ್ನು ಬಿಚ್ಚಿ ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರಂತೆ. ಊದುವಾಗ ಒಂದು ಸ್ವರ ಒಡೆದರೂ ಇಡೀ ಲೈನಿಗೆ ಗೊತ್ತು. ಕೊಳಲು ತಪ್ಪಿದರೆ ಮೃದಂಗ ಮುಚ್ಚೀತು, ಇವನ ತಪ್ಪನ್ನು ಮುಚ್ಚಲು ಪಕ್ಕದಲ್ಲಿ ಯಾರೂ ಇಲ್ಲ. ಆಮೇಲೆ ಬ್ರಾಸೋ ಹಾಕಿ ತಿಕ್ಕುವುದು. ಮುಖ ಕಾಣಬೇಕು ಅದರಲ್ಲಿ.

ಡ್ರಮ್ ಮೇಜರ್ ವಿಷಯ ಬಂದರೆ ನಾಯ್ಕರದ್ದೇ ಮಾತು. ಅವರು ಮದ್ರಾಸ್ ರೆಜಿಮೆಂಟಿನವರು. ಕಸಂ ಪರೇಡಿನ ದಿನ, ಅಂದರೆ ರಂಗ್ರೂಟ್ ಪ್ರತಿಜ್ಞೆ ತೆಗೆದುಕೊಂಡು ಸಿಪಾಯಿಯಾಗುವ ದಿನ, ಬ್ಯಾಂಡಿನ ಮುಂದೆ ಒಬ್ಬನೇ ನಡೆದುಬಂದ ಡ್ರಮ್ ಮೇಜರನ್ನು ಅವರು ಮರೆತಿರಲಿಲ್ಲ. ಎದೆಗೆ ಅಡ್ಡ ಪಟ್ಟಿ, ಕೈಯಲ್ಲಿ ಬೆಳ್ಳಿ ಗುಂಡಿನ ದಂಡ, ತಿರುವಿದ ಮೀಸೆ. ನಗಾರಿಗಳ ಗದ್ದಲದಲ್ಲಿ ಬಾಯಿಯ ಆಜ್ಞೆ ಕೇಳುವುದಿಲ್ಲ, ಹಾಗಾಗಿ ಆತನ ಮಾತೆಲ್ಲ ದಂಡದಲ್ಲಿ. ಎತ್ತಿದರೆ ಒಂದು, ಅಡ್ಡ ಹಿಡಿದರೆ ಒಂದು, ತಿರುಗಿಸಿದರೆ ಇನ್ನೊಂದು. ಹಿಂದೆ ಬರುವವರ ಕಡೆ ಕತ್ತು ತಿರುಗಿಸುವಂತಿಲ್ಲ. ಹಿಂದಿನವರು ಬರುತ್ತಿದ್ದಾರೆಂಬ ನಂಬಿಕೆಯ ಮೇಲೆಯೇ ಆತ ನಡೆಯಬೇಕು. ನಾಯ್ಕರು ಲಾಂಚಿನ ದಿಬ್ಬದ ಮೇಲೆ ಊರುಗೋಲು ಎತ್ತಿ ಇದನ್ನು ತೋರಿಸುವಾಗ, ಅವರ ಮಂಡಿನೋವು ಎಲ್ಲಿ ಹೋಗುತ್ತಿತ್ತೋ ನಾ ಕಾಣೆ.

ಅದೇ ಬ್ಯಾಂಡಿನವರು ಯುದ್ಧದಲ್ಲಿ ಸ್ಟ್ರೆಚರ್ ಹೊರುವವರು. ಇದನ್ನು ನಾಯ್ಕರು ಒಮ್ಮೆ ಹೇಳಿದರು, ಮತ್ತೆ ಹೇಳಲಿಲ್ಲ. ಪರೇಡಿನಲ್ಲಿ ಡ್ರಮ್ ಬಾರಿಸಿದ ಕೈಗಳೇ ಗಾಯಗೊಂಡವರನ್ನು ಎತ್ತಿ ತರುತ್ತಿದ್ದವು. ಬ್ಯಾಂಡೆಂದರೆ ಮೆರವಣಿಗೆಯ ಅಲಂಕಾರ ಎಂದುಕೊಂಡವರು ಇದೊಂದನ್ನು ತಿಳಿದರೆ ಸಾಕು.

ನಮ್ಮ ಸೀಮೆಗೆ ದಂಡಿನ ವಾದ್ಯ ಹೊಸದೂ ಅಲ್ಲ. ಕೆಳದಿ, ಇಕ್ಕೇರಿ ಸಾಗರ ತಾಲೂಕಿನಲ್ಲಿವೆ, ಬಿದನೂರು ಹೊಸನಗರ ತಾಲೂಕಿನಲ್ಲಿದೆ. ಮೂರೂ ಒಂದು ಕಾಲಕ್ಕೆ ಕೆಳದಿಯ ಅರಸರ ರಾಜಧಾನಿಗಳು. 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವವರೆಗೂ ಈ ಕಾಡಿನಲ್ಲಿ ನಗಾರಿ ಕಹಳೆಗಳು ಸೈನ್ಯದ ಮುಂದೆ ನಡೆದವು. ರಾಜ್ಯ ಹೋಯಿತು, ವಾದ್ಯ ಹೋಗಲಿಲ್ಲ. ದೇವಸ್ಥಾನ ಅವನ್ನು ಉಳಿಸಿಕೊಂಡಿತು. ಇವತ್ತಿಗೂ ರಥೋತ್ಸವದಲ್ಲಿ ಕೊಂಬು ಎತ್ತಿ ಊದುವವರಿದ್ದಾರೆ, ಅಪ್ಪನಿಂದ ಮಗನಿಗೆ ಬಂದ ವಿದ್ಯೆ ಅದು. ಮೈಸೂರಿನಲ್ಲೂ ಅರಮನೆಯ ಬ್ಯಾಂಡು ಅರಸೊತ್ತಿಗೆ ಮುಗಿದ ಮೇಲೆ ಪೊಲೀಸ್ ಬ್ಯಾಂಡಾಗಿ ಉಳಿಯಿತು, ದಸರೆಗೆ ಹೋದವರೆಲ್ಲ ಅದನ್ನು ಕೇಳಿದ್ದಾರೆ. ಮೈಸೂರು ಸಂಸ್ಥಾನದ ಪದಾತಿ ದಳ ಮದ್ರಾಸ್ ರೆಜಿಮೆಂಟಿನಲ್ಲಿ ಸೇರಿಹೋಯಿತು. ಸೇನೆಯ ವಾದ್ಯಗಾರರಿಗೆ ಸ್ವಂತ ಶಾಲೆಯೊಂದು ಬೇಕೆಂದು ಮನಸ್ಸು ಮಾಡಿದವರು ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರು. ಮಧ್ಯಪ್ರದೇಶದ ಪಚ್ಮಢಿಯಲ್ಲಿ 1950ರಲ್ಲಿ ಅದು ಶುರುವಾಯಿತು, ಇಂದಿಗೂ ಸೇನೆಯ ಬ್ಯಾಂಡಿನವರು ತಯಾರಾಗುವುದು ಅಲ್ಲೇ.

ಆದರೆ ಸೇನೆಯಿಂದ ಊರಿಗೆ ಮರಳಿದ ಬಿಗಲ್‌ನವನಿಗೆ ದೇವಸ್ಥಾನವೂ ಇಲ್ಲ, ಅರಮನೆಯೂ ಇಲ್ಲ. ನಿವೃತ್ತಿಯ ದಿನ ವಾದ್ಯ ಸ್ಟೋರಿಗೆ ಒಪ್ಪಿಸಿ ಬರಬೇಕು. ತುಟಿಯಲ್ಲಿ ಉಳಿದ ವಿದ್ಯೆಯನ್ನು ಊರಲ್ಲಿ ಕೇಳುವವರಿಲ್ಲ. ಡ್ರೈವರಾಗಿದ್ದವ ಬಸ್ಸು ಓಡಿಸಿದ, ಕಂಪೌಂಡರ್ ಕೆಲಸ ಕಲಿತವ ಸೂಜಿ ಚುಚ್ಚಿದ, ಗಾರೆ ಕೆಲಸದವ ಮನೆ ಕಟ್ಟಿದ. ಬಿಗಲ್‌ ಊದಿದವ ತೋಟಕ್ಕೆ ಮದ್ದು ಹೊಡೆದ. ಕೊಳೆರೋಗದ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಕಲಸುತ್ತ ನಿಂತವರು ಎಂಥ ಉಸಿರಿನ ಒಡೆಯರೆಂದು ಪಕ್ಕದ ತೋಟದವನಿಗೂ ತಿಳಿಯಲಿಲ್ಲ. ನನ್ನ ದುಃಖ ಇರುವುದು ಇಲ್ಲೇ.

ಮಾವನಿಗೆ ಮರಳಲು ಊರಾದರೂ ಇತ್ತೇ ಎಂದರೆ, ಅದೂ ಇಲ್ಲ. ಚೀನಾ ಯುದ್ಧದ ನಂತರದ ದೊಡ್ಡ ಭರ್ತಿಯಲ್ಲಿ ಹೋದವರು ಅವರು. ರಜೆಗೆ ಬರುವಷ್ಟರಲ್ಲಿ ಮನೆ, ಗದ್ದೆ, ಚೌಡಿಯ ಕಟ್ಟೆ, ಎಲ್ಲದರ ಮೇಲೂ ನೀರು. ಮನೆಯವರು ಎತ್ತರದ ಗುಡ್ಡದಲ್ಲಿ ಹುಲ್ಲಿನ ಮಾಡು ಕಟ್ಟಿಕೊಂಡಿದ್ದರು. ಟ್ರಂಕು ಹೊತ್ತು ಹೊಳೆದಂಡೆಯಲ್ಲಿ ನಿಂತಾಗ, ಸಂಜೆ ಬಾವುಟ ಇಳಿಸುವ ರಿಟ್ರೀಟ್ ಕರೆ ಕಿವಿಯಲ್ಲಿ ತಂತಾನೇ ಶುರುವಾಯಿತಂತೆ. ಅದನ್ನು ಅವರು ನನಗೆ ಹೇಳಿದ್ದು ತೀರ ಮುದುಕರಾದ ಮೇಲೆ.

ಎಲ್ಲ ಕರೆಗಳಲ್ಲೂ ದೊಡ್ಡದು ಲಾಸ್ಟ್ ಪೋಸ್ಟ್. ಮೊದಲಿಗೆ ಅದು ಸಾವಿನ ಸ್ವರವಾಗಿರಲಿಲ್ಲ. ರಾತ್ರಿ ಕಾವಲಿನವರನ್ನೆಲ್ಲ ಸುತ್ತಿ ನೋಡಿಯಾಯಿತು, ಎಲ್ಲ ಕ್ಷೇಮ, ಇನ್ನು ಮಲಗಿ ಎಂದು ಹೇಳುವ ಕರೆ. ಅದನ್ನೇ ಆಮೇಲೆ ಗೋರಿಯ ಪಕ್ಕದಲ್ಲಿ ಊದಲು ತೊಡಗಿದರು. ಶೋಕ ಶಸ್ತ್ರ ಹಿಡಿದು ಬಂದೂಕು ತಲೆಕೆಳಗಾಗಿ ನಿಂತವರ ನಡುವೆ ಅದು ಏಳುತ್ತದೆ, ಕೊನೆಯ ಸ್ವರ ಮುಗಿದು ಮೌನ, ಆಮೇಲೆ ರೌಸ್, ಎಂದರೆ ಏಳು ಎನ್ನುವ ಕರೆ. ಮೇಳಿಗೆಯ ಸಾಹಿತಿ ಅನಂತಮೂರ್ತಿಯವರು 2014ರಲ್ಲಿ ತೀರಿಕೊಂಡು ಸರ್ಕಾರಿ ಗೌರವದಲ್ಲಿ ಅಂತ್ಯಕ್ರಿಯೆ ನಡೆದಾಗ ನಮ್ಮ ಕಡೆ ಮನೆಮನೆಯವರೂ ಟೀವಿ ಮುಂದೆ ಕೂತಿದ್ದರು. ಸಾಹಿತಿಗೆ, ಮಂತ್ರಿಗೆ ಆ ಗೌರವ ಸಲ್ಲುವುದು ಸರಿಯೇ. ಆದರೆ ಹತ್ತಾರು ಜೊತೆಗಾರರಿಗೆ ಲಾಸ್ಟ್ ಪೋಸ್ಟ್ ಊದಿದವನೇ ಹಿನ್ನೀರಿನಾಚೆಯ ಗುಡ್ಡದಲ್ಲಿ ಸತ್ತರೆ? ನಾಲ್ಕು ಜನ ಮಾಜಿ ಸೈನಿಕರು ಬಾವುಟ ಹೊದಿಸಿ ಸೆಲ್ಯೂಟ್ ಹೊಡೆದರೆ ಅದೇ ದೊಡ್ಡದು. ಮಾವನಿಗೆ ಆದದ್ದು ಅಷ್ಟೇ. ಊದಬಲ್ಲವರು ಯಾರೂ ಅಲ್ಲಿರಲಿಲ್ಲ. ಯಾರೋ ಹುಡುಗ ಮೊಬೈಲಿನಲ್ಲಿ ಹುಡುಕಿ ಹಾಕಿದ. ಅವನ ಪ್ರೀತಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೂ ನಡುವೆ ಸಿಗ್ನಲ್ ಹೋಗಿ ಧ್ವನಿ ನಿಂತಾಗ ನನಗೆ ತಡೆಯಲಾಗಲಿಲ್ಲ.

ಇದು ನಮ್ಮೊಬ್ಬರ ಬಡತನವಲ್ಲ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಮಾಜಿ ಸೈನಿಕರು ದಿನವೂ ಗುಂಪುಗುಂಪಾಗಿ ತೀರಿಕೊಳ್ಳುತ್ತಿದ್ದ ಕಾಲಕ್ಕೆ ಊದುವವರು ಸಾಲದೆ ಹೋಗಿ, 2003ರಲ್ಲಿ ಅಲ್ಲಿನ ಸೇನೆ ಬ್ಯೂಗಲ್‌ನ ಅಗಲವಾದ ಬಾಯೊಳಗೆ ಪುಟ್ಟದೊಂದು ಯಂತ್ರ ಕೂರಿಸಿತು. ಸಿಪಾಯಿ ಗುಂಡಿ ಒತ್ತಿ ವಾದ್ಯವನ್ನು ತುಟಿಗಿಟ್ಟುಕೊಳ್ಳುತ್ತಾನೆ, ಒಳಗಿನಿಂದ ಮುದ್ರಿತ ಸ್ವರ ಬರುತ್ತದೆ. ಒಂದು ಸ್ವರವೂ ಒಡೆಯುವುದಿಲ್ಲ. ನನಗೆ ಅದು ಬೇಡ. ಅಳು ಒತ್ತಿಕೊಂಡ ಗಂಟಲಿನ ಉಸಿರು ಸ್ವಲ್ಪ ಒಡೆದು ಬಂದರೇನೇ ಅದು ಸತ್ತವನಿಗೆ ಸಲ್ಲುವುದು.

ಅದೇ ಲೋಕದಲ್ಲಿ ಇನ್ನೊಂದು ಊರೂ ಇದೆ. ಬೆಲ್ಜಿಯಂನ ಈಪರ್‌ನಲ್ಲಿ, ಮೊದಲ ಮಹಾಯುದ್ಧದಲ್ಲಿ ಸಮಾಧಿಯೂ ಸಿಗದೆ ಹೋದವರ ಹೆಸರು ಕೆತ್ತಿದ ಮೆನಿನ್ ದ್ವಾರದ ಕೆಳಗೆ ದಿನವೂ ರಾತ್ರಿ ಎಂಟಕ್ಕೆ ಲಾಸ್ಟ್ ಪೋಸ್ಟ್ ಊದುತ್ತಾರೆ. 1928ರಲ್ಲಿ ಶುರುವಾದ ಪದ್ಧತಿ. ಜರ್ಮನರು ಊರು ಹಿಡಿದಿದ್ದ ವರ್ಷಗಳಲ್ಲಿ ಅಲ್ಲಿ ನಿಂತಿತ್ತು. 1944ರ ಸೆಪ್ಟೆಂಬರಿನಲ್ಲಿ ಊರು ಬಿಡುಗಡೆಯಾದ ಸಂಜೆಯೇ ಮತ್ತೆ ಊದಿದರು. ಊದುವವರು ಸೈನಿಕರಲ್ಲ, ಊರಿನ ಅಗ್ನಿಶಾಮಕ ದಳದ ನಂಟಿರುವ ಸ್ವಯಂಸೇವಕರು. ಅಲ್ಲಿ ಕೆತ್ತಿರುವ ಹೆಸರುಗಳಲ್ಲಿ ನಮ್ಮ ಭಾರತದ ಸಿಪಾಯಿಗಳದ್ದೂ ಇವೆ. ನಮ್ಮವರಿಗಾಗಿ ಅಷ್ಟು ದೂರದ ಒಂದು ಪೇಟೆಯ ಜನ ದಿನವೂ ಉಸಿರು ಕೊಡುತ್ತಿದ್ದಾರೆ.

2025ರ ಜುಲೈ 14ರಂದು ಹೊಳೆಬಾಗಿಲಿನ ಸೇತುವೆ ತೆರೆಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ, ತಂತಿಗಳ ಮೇಲೆ ನಿಂತದ್ದು. ಅದಕ್ಕಾಗಿ ಆ ಸೀಮೆಯವರು ಕಾದ ಕಾಲ ಸಣ್ಣದಲ್ಲ. ಹೆರಿಗೆ ನೋವಿನ ಹೆಂಗಸನ್ನು ಲಾಂಚಿಗೆ ಕಾಯಿಸಿ ಕೂರಿಸಿದ ನೆನಪಿರುವ ಯಾರೂ ಹಳೆಯ ದಿನ ಬೇಕೆನ್ನಲಾರರು, ನಾನೂ ಅನ್ನುವುದಿಲ್ಲ. ಸಿಗಂದೂರು ದೇವಸ್ಥಾನಕ್ಕೆ ಹೋಗುವ ಕಾರುಗಳು ಈಗ ನಿಲ್ಲದೆ ಹಾಯುತ್ತವೆ. ಕಾಯುವ ಹೊತ್ತು ಹೋಯಿತು, ಕಾಯುವಾಗ ಆಡುತ್ತಿದ್ದ ಮಾತಿಗೂ ಜಾಗ ಹೋಯಿತು. ನಾಯ್ಕರು ಮೊಮ್ಮಗನ ಬೈಕಿನ ಹಿಂದೆ ಕೂತು ದಾಟುತ್ತಾರೆ. ಅವರ ಕಥೆ ಕೇಳಬೇಕೆಂದರೆ ಇನ್ನು ಮನೆಗೇ ಹೋಗಬೇಕು.

ಹೋಗಬೇಕಾದ್ದು ಈಗಲೇ. ನಾಯ್ಕರ ಪಕ್ಕದೂರಲ್ಲಿ ಬ್ಯೂಗಲ್ ಊದುತ್ತಿದ್ದ ಇನ್ನೊಬ್ಬ ಹಿರಿಯರಿದ್ದಾರೆ. ಹಲ್ಲು ಬಿದ್ದಿವೆ, ಹಲ್ಲಿನ ಆಸರೆಯಿಲ್ಲದ ತುಟಿಗೆ ಬ್ಯೂಗಲ್ ಒಲಿಯುವುದಿಲ್ಲ. ಆದರೆ ಕರೆಗಳೆಲ್ಲ ಬಾಯಲ್ಲಿವೆ, ಯಾವುದು ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಹಾಡಿ ತೋರಿಸಬಲ್ಲರು. ಅದೇ ಸೀಮೆಯ ತುಮರಿಯಲ್ಲಿ, ಬ್ಯಾಕೋಡಿನಲ್ಲಿ ಶಾಲೆಗಳಿವೆ. ಆಗಸ್ಟ್ 15ಕ್ಕೆ ಅಲ್ಲೂ ಬಾವುಟ ಏರಿಸುತ್ತಾರೆ. ಒಂದು ಬ್ಯೂಗಲ್ ಕೊಳ್ಳುವಷ್ಟು ದುಡ್ಡು ಯಾವ ಊರಿನಲ್ಲೂ ಹುಟ್ಟುತ್ತದೆ, ನಾನೂ ಕೊಡುತ್ತೇನೆ. ಗಟ್ಟಿ ಉಸಿರಿನ ಇಬ್ಬರು ಮಕ್ಕಳನ್ನು ಈ ಮಳೆಗಾಲದಲ್ಲಿ ಆ ಹಿರಿಯರ ಜಗಲಿಗೆ ಕಳಿಸಿ ಎಂದು ಮೇಷ್ಟ್ರುಗಳನ್ನು ಕೇಳಿಕೊಂಡಿದ್ದೇನೆ.