ಸಹಿ ಹಾಕೋರು ಯಾರು?

ಕಳೆದ ಬೇಸಿಗೆಯಲ್ಲಿ ಶಹಾಪುರದ ಒಂದು ಖಾನಾವಳಿಯಲ್ಲಿ ನಾವು ನಾಲ್ಕು ಮಂದಿ ಕೂತಿದ್ದೆವು. ಒಬ್ಬ ಯಾದಗಿರಿಯವನು, ಒಬ್ಬಳು ಸುರಪುರದವಳು, ಇನ್ನೊಬ್ಬ ಶಹಾಪುರದವನೇ ಆದರೂ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಮೂರೂ ತಾಲೂಕಿನ ತೊಗರಿ ಬೆಳೆಯುವ ಸಣ್ಣ ರೈತರನ್ನು ಕೂಡಿಸಿ, ಬೇಳೆ ಮಾಡಿಸಿ, ನೇರವಾಗಿ ಮಾರಬೇಕೆಂಬುದು ಅವರ ಆಸೆ. ಸಹಕಾರ ಕಾನೂನಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆಂಬ ಒಂದೇ ಕಾರಣಕ್ಕೆ ನನ್ನನ್ನು ಕರೆಸಿದ್ದರು.

ಬೆಂಗಳೂರಿನವನು ಲ್ಯಾಪ್‌ಟಾಪ್ ತೆರೆದ. "ಇದಕ್ಕ ಅಧ್ಯಕ್ಷ ಬ್ಯಾಡ, ಕಾರ್ಯದರ್ಶಿ ಬ್ಯಾಡ, ರಬ್ಬರ್ ಸ್ಟಾಂಪೂ ಬ್ಯಾಡ" ಅಂದ. ಅವನು ಹೇಳುತ್ತಿದ್ದದ್ದು 'ಡಾವೋ' ಎಂದು ಕರೆಯುವ ವಿಕೇಂದ್ರೀಕೃತ ಸಂಸ್ಥೆಯ ಬಗ್ಗೆ. ಹಣವೆಲ್ಲ ಬ್ಲಾಕ್‌ಚೈನ್ ಮೇಲಿನ ಒಂದು ಪ್ರೋಗ್ರಾಮಿನಲ್ಲಿ ಇರುತ್ತದೆ. ಸದಸ್ಯರ ಹತ್ತಿರ ಟೋಕನ್‌ಗಳಿರುತ್ತವೆ. ಯಾರಾದರೂ ಒಂದು ಪ್ರಸ್ತಾಪ ಇಡುತ್ತಾರೆ, ಉಳಿದವರು ಮತ ಹಾಕುತ್ತಾರೆ, ಸಾಕಷ್ಟು ಮತ ಬಿದ್ದರೆ ಪ್ರೋಗ್ರಾಮು ತಾನೇ ಹಣ ಕೊಡುತ್ತದೆ. ಲೆಕ್ಕ ಎಲ್ಲರಿಗೂ ಕಾಣುತ್ತದೆ, ತಿದ್ದಲು ಬರುವುದಿಲ್ಲ. ಅಧ್ಯಕ್ಷರ ಮನೆಯ ಟ್ರಂಕಿನೊಳಗೆ ಸೇರಿಹೋದ ಲೆಕ್ಕದ ಪುಸ್ತಕಗಳನ್ನು ಕಂಡಿರುವ ನನಗೆ ಇದು ಇಷ್ಟವಾಯಿತು.

ಸುರಪುರದ ಗೆಳತಿ ಮಾತ್ರ ಚಹಾದ ಕಪ್ಪು ಕೆಳಗಿಟ್ಟು ಕೇಳಿದಳು: "ಅಲ್ಲೋ, ತೊಗರಿ ಒಯ್ದ ಸೇಟ್ ರೊಕ್ಕ ಕೊಡಲಿಲ್ಲಂದ್ರ ಕೋರ್ಟಿಗಿ ಯಾರ ಹೋಗ್ತಾರ? ಸಹಿ ಹಾಕೋರು ಯಾರು?"

ನನಗೆ ಕಾಕಾ ನೆನಪಾದ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಇಪ್ಪತ್ತು ಮನೆಯವರು ಕೂಡಿ ತೊಗರಿ ಮಾರಲು ಶುರುಮಾಡಿದ್ದರು. ನೋಂದಣಿ ಇಲ್ಲ, ಹೆಸರೂ ಇಲ್ಲ. ತೀರ್ಮಾನವೆಲ್ಲ ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ. ಓದುಬರಹ ಬಲ್ಲವನೆಂದು ವ್ಯಾಪಾರಿಯ ಕಾಗದಕ್ಕೆ ಕಾಕಾ ಸಹಿ ಹಾಕುತ್ತಿದ್ದ. ಮೊದಲ ವರ್ಷ ಒಳ್ಳೆಯ ದರ ಸಿಕ್ಕಿತು. ಎರಡನೆಯ ವರ್ಷ ಆ ವ್ಯಾಪಾರಿ ಮಾಲು ಒಯ್ದು ಅಂಗಡಿಯನ್ನೇ ಮುಚ್ಚಿಬಿಟ್ಟ. ಹತ್ತೊಂಬತ್ತು ಮನೆಯವರು ನಮ್ಮ ಬಾಗಿಲಿಗೆ ಬಂದರು. ಕಾಕಾ ಎರಡೆಕರೆ ಹೊಲ ಮಾರಿ ಎಲ್ಲರಿಗೂ ಕೊಟ್ಟ. "ಮಾತು ಇಪ್ಪತ್ತು ಮಂದಿದಿತ್ತು, ಸಹಿ ನಂದೊಂದೇ ಇತ್ತು" ಎಂದು ಈಗಲೂ ಹೇಳುತ್ತಾನೆ.

ಮುಂದೆ ಓದುವಾಗ ತಿಳಿಯಿತು, ಕಾಕಾನ ಈ ಮಾತು ಕಾನೂನಿನಲ್ಲೂ ಇದೆ. 2013ರ ಕಂಪನಿ ಕಾಯ್ದೆಯ 464ನೇ ಕಲಂ ಮತ್ತು ಅದರ ನಿಯಮಗಳ ಪ್ರಕಾರ 50ಕ್ಕಿಂತ ಹೆಚ್ಚು ಜನ ಕೂಡಿ ನೋಂದಣಿಯಿಲ್ಲದೆ ಲಾಭದ ವ್ಯವಹಾರ ಮಾಡುವಂತಿಲ್ಲ. ಮಾಡಿದರೆ ಅದರ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ಸ್ವಂತ ಹೊಣೆ. ಅಮೆರಿಕದಲ್ಲಿ ಡಾವೋಗಳಿಗೂ ಇಂಥದೇ ಪಾಠ ಸಿಕ್ಕಿತು. 2022ರಲ್ಲಿ ಅಲ್ಲಿನ ಸರಕು ವಾಯಿದೆ ವಹಿವಾಟಿನ ನಿಯಂತ್ರಕ ಸಂಸ್ಥೆ 'ಊಕಿ ಡಾವೋ' ಮೇಲೆ ದಾವೆ ಹೂಡಿತು. ವಿಳಾಸವೇ ಇಲ್ಲದ ಸಂಸ್ಥೆಗೆ ನೋಟಿಸು ಕೊಟ್ಟದ್ದು ಜಾಲತಾಣದ ಚಾಟ್ ಕಿಟಕಿಯಲ್ಲಿ! ಅದೊಂದು ನೋಂದಣಿಯಾಗದ ಸಂಘ, ಅದರ ಮೇಲೆ ದಾವೆ ನಡೆಯುತ್ತದೆ ಎಂದಿತು ನ್ಯಾಯಾಲಯ. 2023ರಲ್ಲಿ 'ಬಿಝಡ್‌ಎಕ್ಸ್' ಎಂಬ ಡಾವೋದ ಮೊಕದ್ದಮೆಯಲ್ಲಿ, ಮತಾಧಿಕಾರದ ಟೋಕನ್ ಇಟ್ಟುಕೊಂಡವರನ್ನು ಪಾಲುದಾರರೆಂದು ಎಣಿಸಲು ಸಾಧ್ಯವೆಂದು ಇನ್ನೊಂದು ನ್ಯಾಯಾಲಯ ಹೇಳಿತು. ತಲೆಯಿಲ್ಲದ ಸಂಸ್ಥೆ ಕಟ್ಟಿದರೆ ಹೊಣೆ ಮಾಯವಾಗುವುದಿಲ್ಲ, ಸಿಕ್ಕವರ ತಲೆಯ ಮೇಲೆ ಬೀಳುತ್ತದೆ.

"ಅದಕ್ಕೇ ಫೌಂಡೇಶನ್ ಮಾಡ್ತಾರ" ಎಂದ ಬೆಂಗಳೂರಿನವನು. ನಿಜ. ಇಥೀರಿಯಂನವರು 2014ರಲ್ಲೇ ಸ್ವಿಟ್ಜರ್ಲೆಂಡಿನ ಜುಗ್ ಊರಿನಲ್ಲಿ ಫೌಂಡೇಶನ್ ಕಟ್ಟಿದರು. ಅಲ್ಲಿನ ಫೌಂಡೇಶನ್ನಿಗೆ ಮಾಲೀಕರಿಲ್ಲ, ಸದಸ್ಯರಿಲ್ಲ. ಉದ್ದೇಶವನ್ನು ಪತ್ರದಲ್ಲಿ ಬರೆದಿಟ್ಟು, ಒಂದು ಮಂಡಳಿ ನಡೆಸುತ್ತದೆ, ಸರ್ಕಾರ ಮೇಲುಸ್ತುವಾರಿ ಮಾಡುತ್ತದೆ. ಕೇಮನ್ ದ್ವೀಪಗಳು 2017ರಲ್ಲಿ, ಸದಸ್ಯರಿಲ್ಲದೆಯೂ ನಡೆಯಬಲ್ಲ ಫೌಂಡೇಶನ್ ಕಂಪನಿಗೆ ಕಾಯ್ದೆ ಮಾಡಿದವು. ಯಾರ ಸೊತ್ತೂ ಆಗಬಾರದ ಸಾಫ್ಟ್‌ವೇರಿಗೆ ಇದು ಹೊಂದುತ್ತದೆ.

ಆದರೆ ತೊಗರಿಗೆ ಮಾಲೀಕರಿದ್ದಾರೆ. ಫೌಂಡೇಶನ್ನಿಗೆ ಹತ್ತಿರದ್ದು ನಮ್ಮಲ್ಲಿ ಟ್ರಸ್ಟ್. ಅದರಲ್ಲಿ ರೈತರು ಒಡೆಯರಲ್ಲ, ಫಲಾನುಭವಿಗಳು. ಈ ಪದ ನಮ್ಮ ಜನರಿಗೆ ಹೊಸದೇನಲ್ಲ. ಸರ್ಕಾರದ ಪ್ರತಿ ಯೋಜನೆಯ ಪಟ್ಟಿಯಲ್ಲೂ ಅವರ ಹೆಸರು ಹಾಗೇ ಇರುತ್ತದೆ. ಟ್ರಸ್ಟಿಗಳು ಕೆಟ್ಟರೆ ಮತ ಹಾಕಿ ಇಳಿಸುವ ಹಕ್ಕು, ಪತ್ರದಲ್ಲಿ ಬರೆದಿರದಿದ್ದರೆ, ಅವರಿಗೆ ಇರುವುದಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಮಾಡಬಹುದು, ಆದರೆ ಲಾಭ ಹಂಚಿಕೊಳ್ಳಲು ಅದು ಇರುವುದಲ್ಲ. ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿಯೂ ಹಾಗೆಯೇ.

ಉಳಿದದ್ದು ಎರಡು: ಸಹಕಾರ ಸಂಘ ಮತ್ತು ರೈತ ಉತ್ಪಾದಕರ ಕಂಪನಿ. ಮೊದಲನೆಯದರ ಬೇರು ಗದಗ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಲ್ಲಿದೆ. ಎರಡನೆಯದು 2002ರ ತಿದ್ದುಪಡಿಯಿಂದ ಬಂದದ್ದು. ಹತ್ತು ಬೆಳೆಗಾರರು ಸೇರಿದರೆ ಸಾಕು. ರೈತರೇ ಸದಸ್ಯರಾದಲ್ಲಿ ಎರಡರಲ್ಲೂ ತಲೆಗೊಂದೇ ಮತ. ಡಾವೋಗಳಲ್ಲಿ ಸಾಮಾನ್ಯವಾಗಿ ಟೋಕನ್ ಎಷ್ಟೋ ಮತ ಅಷ್ಟು. ಹಾಗಾದರೆ ಇಪ್ಪತ್ತೆಕರೆಯ ಗೌಡರು ಒಬ್ಬರೇ ಎದ್ದು ಕೈಯೆತ್ತಿದರೂ ಸಾಕಾದೀತು.

ಯಾದಗಿರಿಯವನು ಒಪ್ಪಲಿಲ್ಲ. "ತಲಿಗೊಂದು ಮತ ಇದ್ರ ಏನಾತು? ನಾರಾಯಣಪುರ ಎಡದಂಡಿ ಕಾಲುವಿ ನೋಡು. ನೀರು ಬಳಕೆದಾರರ ಸಹಕಾರ ಸಂಘದಾಗ ಎಲ್ಲಾರ್ದೂ ಒಂದೇ ಮತ. ಕೊನಿ ಹೊಲಕ್ಕ ನೀರು ಮುಟ್ಟತದೇನು?" ಅವನ ಮಾತು ಸುಳ್ಳಲ್ಲ. ಮತ ಸಮವಿದ್ದ ಮಾತ್ರಕ್ಕೆ ನೀರು ಸಮವಾಗಿ ಹರಿಯುವುದಿಲ್ಲ. ಆದರೂ ಅಲ್ಲಿ ಜಗಳ ತೆಗೆಯಲು ಒಂದು ಸಭೆ ಇದೆ, ಬರೆದಿಡಲು ನಡಾವಳಿ ಪುಸ್ತಕ ಇದೆ, ದೂರಲು ಒಂದು ಹೆಸರಿದೆ. ಕಾಕಾನ ಗುಂಪಿಗೆ ಇವು ಯಾವೂ ಇರಲಿಲ್ಲ.

ಸಂಜೆಯ ಹೊತ್ತಿಗೆ ಉತ್ಪಾದಕರ ಕಂಪನಿ ಎಂದು ತೀರ್ಮಾನವಾಯಿತು. ಪ್ರತಿ ವರ್ಷದ ಆಡಿಟ್, ಫಾರ್ಮುಗಳು, ತಡವಾದರೆ ದಂಡ, ಈ ಭಾರ ಸಣ್ಣದಲ್ಲವೆಂದು ಎಚ್ಚರಿಸಿದೆ. ಬೆಂಗಳೂರಿನವನಿಗೆ ಬೇಸರವಾದದ್ದು ಮುಖದಲ್ಲಿ ಕಂಡಿತು. ಯಾರ ತೊಗರಿ ಎಷ್ಟು ತೂಗಿತು, ಯಾವ ದರಕ್ಕೆ ಹೋಯಿತು ಎಂಬುದು ಎಲ್ಲರ ಫೋನಿಗೂ ಬರುವ ಹಾಗೆ ಮಾಡಿಕೊಡು ಎಂದು ಗೆಳತಿ ಕೇಳಿದಾಗ ಅವನು ಮತ್ತೆ ಲ್ಯಾಪ್‌ಟಾಪ್ ತೆರೆದ.

ಕಡಿಮೆಯೆಂದರೆ ಐದು ನಿರ್ದೇಶಕರು ಬೇಕು. ನಾಲ್ವರು ಸಿಕ್ಕರು. ಐದನೆಯವನಾಗಿ ಕಾಕಾನನ್ನು ಕೇಳಲು ನಾನೇ ಊರಿಗೆ ಹೋದೆ. ಕಾಕಾ ಕನ್ನಡಕ ಹಾಕಿಕೊಂಡು ಕಾಗದಗಳನ್ನು ಒಂದೊಂದೇ ಓದಿದ.

"ಇದಕ್ಕ ಸಹಿ ಹಾಕಿದ್ರ ಹೊಲಾ ಹೋಗತದೇನು?"

"ಕಂಪನಿ ಮುಳುಗಿದ್ರ ನೀ ಹಾಕಿದ ಶೇರಿನ ರೊಕ್ಕ ಹೋಗತದ, ಹೊಲ ಹೋಗಂಗಿಲ್ಲ. ಆದ್ರ ಬ್ಯಾಂಕಿನವರು ಸಾಲಕ್ಕ ನಿನ್ನ ಸ್ವಂತ ಜಾಮೀನು ಕೇಳಿದ್ರ ಹಾಕಬ್ಯಾಡ."

ಅವನು ಆ ಮಾತನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿದ. ಆಮೇಲೆ ಪೆನ್ನನ್ನು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡು, ಕಾಗದಗಳನ್ನು ಮಡಚಿ ತಲೆದಿಂಬಿನ ಕೆಳಗಿಟ್ಟ.

"ನಾಳಿ ಹಾಕ್ತೀನಿ. ಇನ್ನೊಮ್ಮಿ ಓದಬೇಕು."